ಗೂಟ ಮತ್ತು ಹಗ್ಗ: ಅರಬ್ಬಿ-ಪಾರಸಿ ಪದ್ಯಗಳ ಪ್ರಸ್ತಾರ, ನಾಲ್ಕನೇ ತಿಂಗಳು

ಹೋದ ತಿಂಗಳು ಬರೆದಾಗ ಬರೀ ಅರಬ್ಬಿ ಸಾಲುಗಳಲ್ಲೇ ಇದ್ದೆ. ಈಗ ಪಾರಸಿಗೂ ಕೈ ಹಾಕಿದ್ದೇನೆ. ನೋಟ್‌ಬುಕ್ಕಿನ ಎಡಗಡೆ ಅರಬ್ಬಿ, ಬಲಗಡೆ ಪಾರಸಿ, ಪ್ರತಿ ಸಾಲಿಗೂ ಹೈಸ್ಕೂಲಿನಲ್ಲಿ ಕಲಿತ ಹಾಗೇ ಪ್ರಸ್ತಾರ. ಲಘು-ಗುರು ಗೊತ್ತಿದ್ದವರಿಗೆ ಈ ಕೆಲಸ ಅರ್ಧ ಬಂದ ಹಾಗೇ, ಯಾಕೆಂದರೆ ಎರಡೂ ಭಾಷೆಗಳ ಹಳೆಯ ಕಾವ್ಯ ನಿಂತಿರುವುದು ಅದರ ಮೇಲೆಯೇ.

ಅರಬ್ಬಿ ಛಂದಸ್ಸಿಗೆ ಲೆಕ್ಕ ಕಟ್ಟಿದವರು 8ನೇ ಶತಮಾನದ ಬಸ್ರಾದ ಅಲ್ ಖಲೀಲ್. 15 ವೃತ್ತಗಳನ್ನು 5 ಚಕ್ರಗಳಲ್ಲಿ ಜೋಡಿಸಿದರು, 16ನೆಯದು ಆಮೇಲೆ ಸೇರಿತು. ಪದಗಳೆಲ್ಲ ಡೇರೆಯಿಂದ ಬಂದವು. ಎರಡು ಅರ್ಧಗಳ ಒಂದು ಪೂರ್ತಿ ಸಾಲಿಗೆ 'ಬೈತ್', ಅಂದರೆ ಮನೆ. ಅದರ ಅರ್ಧಕ್ಕೆ 'ಮಿಸ್ರಾ', ಜೋಡಿ ಬಾಗಿಲಿನ ಒಂದು ಕದ. ಗಣದೊಳಗೆ 'ವತದ್' ಅಂದರೆ ಗೂಟ, 'ಸಬಬ್' ಅಂದರೆ ಹಗ್ಗ. 'ಫಊಲುನ್' ಎಂಬ ಗಣದಲ್ಲಿ 'ಫಊ' ಗೂಟ, 'ಲುನ್' ಹಗ್ಗ. ಸುಮ್ನೆ ಚೆಂದಕ್ಕೆ ಇಟ್ಟ ಹೆಸರು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಸಾಲಿನ ನಡುವೆ ಗೂಟ ಅಲುಗುವುದಿಲ್ಲ, ಹಗ್ಗ ಮಾತ್ರ ಸಡಿಲವಾಗುತ್ತದೆ.

6ನೇ ಶತಮಾನದ ಅರಬ್ಬಿ ಕವಿ ಇಮ್ರುಲ್ ಕೈಸನ ಪ್ರಸಿದ್ಧ ಸಾಲನ್ನೇ ನೋಡಿ: 'ಕಿಫಾ ನಬ್ಕಿ ಮಿನ್ ಧಿಕ್ರಾ ಹಬೀಬಿನ್ ವ ಮನ್‌ಝಿಲೀ'. ನಿಲ್ಲಿರಪ್ಪ ಇಬ್ಬರೂ, ಪ್ರೀತಿಸಿದವಳನ್ನೂ ಅವಳಿದ್ದ ತಾವನ್ನೂ ನೆನೆದು ಅಳೋಣ ಅನ್ನುತ್ತಾನೆ. ವೃತ್ತ ತವೀಲ್. ಇಲ್ಲಿ ಮೂರನೇ ಗಣ 'ಹಬೀಬಿನ್': ಲಘು-ಗುರು-ಗುರು. ಎರಡನೇ ಅರ್ಧದಲ್ಲಿ ಅದೇ ಜಾಗದಲ್ಲಿ ಬರುವುದು 'ದಖೂಲಿ': ಲಘು-ಗುರು-ಲಘು. ಮೊದಲ ಸಲ ನಾನೇ ತಪ್ಪಾಗಿ ಗುರುತು ಹಾಕಿದೆ ಅಂದುಕೊಂಡು ಮೂರು ಸಲ ಅಳಿಸಿ ಬರೆದೆ. ತಪ್ಪಲ್ಲ, ಹಗ್ಗ ಸಡಿಲವಾಗಿದೆ ಅಷ್ಟೇ. ಕೇಳುವವನ ಕಿವಿ ಗೂಟವನ್ನು ಹಿಡಿದುಕೊಂಡಿರುತ್ತದೆ.

ಈಗ ಬಲಗಡೆ ಪುಟ. 1010ರಲ್ಲಿ ಫಿರ್ದೌಸಿ ಮುಗಿಸಿದ ಪಾರಸಿ ಮಹಾಕಾವ್ಯ ಶಾಹನಾಮೆಯ ಮೊದಲ ಸಾಲು: 'ಬ ನಾಮೇ ಖುದಾವಂದಿ ಜಾನೋ ಖಿರದ್'. ಜೀವ ಮತ್ತು ವಿವೇಕದ ಒಡೆಯನ ಹೆಸರಿನಲ್ಲಿ. ಪ್ರಸ್ತಾರ ಹಾಕಿದರೆ ಯಗಣ, ಯಗಣ, ಯಗಣ, ಕೊನೆಗೆ ಒಂದು ಲಘು ಒಂದು ಗುರು. 'ಯಮಾತಾ'ದ ಯಗಣವೇ! ನಾಲ್ಕು ಯಗಣ ಪೂರ್ತಿ ಇದ್ದಿದ್ದರೆ ನಮ್ಮ ಭುಜಂಗಪ್ರಯಾತ ಆಗುತ್ತಿತ್ತು. ಇದು ಕಂಡ ದಿನ ರಾತ್ರಿ ಜಾಸ್ತಿ ಹೊತ್ತು ನಿದ್ದೆ ಬರಲಿಲ್ಲ.

ಈ ವೃತ್ತದ ಹೆಸರು ಮುತಕಾರಿಬ್, ಅರಬ್ಬಿಯಲ್ಲೂ ಇದೆ. ಇದರ ಗಣ ಮೇಲೆ ಹೇಳಿದ 'ಫಊಲುನ್', ಅಂದರೆ ಯಗಣವೇ. ಅಲ್ಲಿ 'ಲುನ್' ಸಡಿಲವಾಗಿ 'ಲು' ಆಗಬಹುದು. ಫಿರ್ದೌಸಿಯಲ್ಲಿ ಆಗುವುದಿಲ್ಲ. ಸುಮಾರು 50,000 ಬೈತ್‌ಗಳುದ್ದಕ್ಕೂ ಹಗ್ಗವೂ ಬಿಗಿ. ಹಾಗಾದರೆ ಕವಿಗೆ ಕೈಯಾಡಿಸಲು ಜಾಗ ಎಲ್ಲಿ? ಇದಕ್ಕೆ ಉತ್ತರ ಸಿಕ್ಕಿದ್ದು ನನ್ನ ತಪ್ಪಿನಿಂದಲೇ. ಎರಡು ಪದಗಳನ್ನು ಬೆಸೆಯುವ ಇಜಾಫೆ ಎಂಬ ಚಿಕ್ಕ ಸ್ವರವನ್ನು ಎಲ್ಲ ಕಡೆ ಲಘು ಅಂತ ಬರೆಯುತ್ತಿದ್ದೆ, 30 ಸಾಲುಗಳಲ್ಲಿ 17 ಕುಂಟಿದವು. ಮೇಲಿನ ಸಾಲಿನಲ್ಲೇ ನೋಡಿ, 'ನಾಮ್' ಆದ ಮೇಲಿನ ಇಜಾಫೆ ಗುರು, 'ಖುದಾವಂದ್' ಆದ ಮೇಲಿನ ಅದೇ ಇಜಾಫೆ ಲಘು. ಅರಬ್ಬಿಯಲ್ಲಿ ವೃತ್ತ ಬಾಗುತ್ತದೆ, ಇಲ್ಲಿ ವೃತ್ತ ಬಾಗುವುದಿಲ್ಲ, ಉಚ್ಚಾರ ಬಾಗುತ್ತದೆ. ನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ವಿಷಯ ಇದು.

ಪ್ರಾಸದ ಬಗ್ಗೆ ಸ್ವಲ್ಪ. ಇಮ್ರುಲ್ ಕೈಸನಲ್ಲಿ ಬೈತ್‌ನ ಕೊನೆಗೆ ಬರುವ 'ಲೀ' ಪದ್ಯ ಮುಗಿಯುವವರೆಗೂ ಅದೇ. ಫಿರ್ದೌಸಿ ಬೈತ್‌ನಿಂದ ಬೈತ್‌ಗೆ ಪ್ರಾಸ ಬದಲಿಸುತ್ತಾನೆ. ಅಷ್ಟು ದೊಡ್ಡ ಕಥೆಗೆ ಒಂದೇ ಪ್ರಾಸ ಆಗುವ ಮಾತಲ್ಲ ಅಲ್ವಾ?

ಕೊನೆಗೆ ಶಿರಾಜಿನ ಹಾಫಿಜ್, 14ನೇ ಶತಮಾನ. ಅವನ ದೀವಾನಿನ (ಕವನ ಸಂಗ್ರಹದ) ಮೊದಲ ಗಜಲ್ ಶುರುವಾಗುವುದೇ ಅರಬ್ಬಿಯಲ್ಲಿ: 'ಅಲಾ ಯಾ ಅಯ್ಯುಹಸ್ ಸಾಕೀ ಅದಿರ್ ಕಅಸನ್ ವ ನಾವಿಲ್‌ಹಾ'. ಎರಡನೇ ಅರ್ಧ ಪಾರಸಿ. ಲಘು-ಗುರು-ಗುರು-ಗುರು, ನಾಲ್ಕು ಸಲ. ವೃತ್ತ ಹಝಜ್. ಆದರೆ ಅರಬ್ಬಿ ಕವಿಗಳು ಹಝಜ್ ಬರೆದರೆ ಅರ್ಧಕ್ಕೆ ಎರಡೇ ಗಣ. ಅಂದರೆ ಪದಗಳು ಅರಬ್ಬಿ, ಅಳತೆ ಪಾರಸಿ! ಪಾರಸಿ ಅರ್ಧದಲ್ಲಿ 'ಉಫ್ತಾದ್' ಬಂದಾಗ ಕೊನೆಯ 'ದ್' ಒಂಟಿ ವ್ಯಂಜನವಾದರೂ ಒಂದು ಲಘುವಿನ ಜಾಗ ಹಿಡಿಯುತ್ತದೆ. ಕನ್ನಡದ ಲೆಕ್ಕದಲ್ಲಿ ಹೀಗಿಲ್ಲ, ಅದಕ್ಕೇ ಇಲ್ಲಿ ಒಂದು ಸಂಜೆಯೆಲ್ಲ ಹೋಯಿತು.

ಮುಂದಿನ ತಿಂಗಳು ಕಾಮಿಲ್ ವೃತ್ತ, ಅಂತರಾ ಕವಿಯ 'ಮುಅಲ್ಲಕ' ಎಂಬ ಹಳೆಯ ಅರಬ್ಬಿ ದೀರ್ಘ ಪದ್ಯ. ಅಲ್ಲಿ ಗಣದ ಮೊದಲ ಎರಡು ಲಘುಗಳ ಬದಲು ಒಂದು ಗುರು ಬರಬಹುದು, ನಮ್ಮ ಮಾತ್ರಾಗಣದ ಹಾಗೇ. ಎಡಗಡೆ ಪುಟದಲ್ಲಿ ಮೊದಲ ಸಾಲು ಆಗಲೇ ಬರೆದಿಟ್ಟಿದ್ದೇನೆ: 'ಹಲ್ ಗಾದರಶ್ ಶುಅರಾಉ...' ಮೊದಲ ಗಣದಲ್ಲೇ ಆ ಗುರು ಬಂದು ಕೂತಿದೆ.