ಕಪ್ಪತಗುಡ್ಡಕ್ಕೆ ಹೋಗುವ ಮುಂಚೆ ಡಿಗ್ರಿ, ಮಿನಿಟು ನೋಡಿಕೊಳ್ಳಿ

ಗದಗ ಜಿಲ್ಲೆಯ ಕಪ್ಪತಗುಡ್ಡ ಹತ್ತುವುದಕ್ಕೆ ಅಂತ ಹುಬ್ಬಳ್ಳಿಯಿಂದ ಹೊರಟ ನಾವಿಬ್ಬರೂ ಮೊದಲ ದಿನ ಹೋಗಿ ನಿಂತಿದ್ದು ಲಕ್ಷ್ಮೇಶ್ವರದ ಹತ್ತಿರ ಒಂದು ಹೊಲದಲ್ಲಿ. ಸುತ್ತ ಬರೀ ಎರೆಮಣ್ಣು. ಬದುವಿನ ಮೇಲೆ ಕೂತಿದ್ದ ಅಜ್ಜ, "ಕಪ್ಪತಗುಡ್ಡ ಇಲ್ಲೆಲ್ಲಿ ಬಂತ್ರೀ, ಅದು ಅತ್ಲಾಗ ಡಂಬಳದ ಕಡೆ ಐತಿ" ಎಂದು ನಕ್ಕರು.

ತಪ್ಪು ನಮ್ಮದೇ. ಟೋಪೋ ನಕ್ಷೆಯ (ನೆಲದ ಏರು ತಗ್ಗು ತೋರಿಸುವ ನಕ್ಷೆ) ಅಂಚಿನಲ್ಲಿ 15°16' ಉತ್ತರ, 75°42' ಪೂರ್ವ ಎಂದು ಓದಿಕೊಂಡು ಫೋನಿನಲ್ಲಿ 15.16, 75.42 ಎಂದು ಒತ್ತಿದ್ದೆವು. ಡಿಗ್ರಿಗೆ 60 ಮಿನಿಟು, 100 ಅಲ್ಲ! ಮಿನಿಟನ್ನು 60ರಿಂದ ಭಾಗಿಸಿದರೆ ಸಿಗುವುದು 15.267, 75.70. ಇಷ್ಟು ಲೆಕ್ಕ ಮಾಡದ್ದಕ್ಕೆ ಸುಮಾರು 32 ಕಿಲೋಮೀಟರ್ ಆಚೆ ಬಿದ್ದಿದ್ದೆವು. ಅದೂ ಎಂಥ ಬಸ್ಸಿನಲ್ಲಿ ಅಂತೀರಿ, ಕಿಟಕಿ ತೆಗೆಯುವ ಹಾಗಿಲ್ಲ, ಕಾಲ ಹತ್ತಿರ ಯಾರದೋ ಮೆಣಸಿನಕಾಯಿ ಚೀಲ, ದಾರಿಯುದ್ದಕ್ಕೂ ಸೀನುತ್ತ ನಿಂತೇ ಬಂದಿದ್ದು.

ರಾತ್ರಿ ಗದಗದಲ್ಲಿ ಒಂದು ರೂಮಿಗೆ 1,400 ರೂಪಾಯಿ ಕೊಟ್ಟೆವು. ನಲ್ಲಿಯಲ್ಲಿ ನೀರಿಲ್ಲ. ಸುಮ್ನೆ ದುಡ್ಡು ದಂಡ. ಹುಬ್ಬಳ್ಳಿಯವರು ಬೆಳಿಗ್ಗೆ ಬೇಗ ಎದ್ದು ನೇರ ಗದಗಕ್ಕೆ ಬಂದು ಮುಂಡರಗಿ ಬಸ್ಸು ಹಿಡಿದು ಡಂಬಳದಲ್ಲಿ ಇಳಿಯಿರಿ, ಸಾಕು.

ನಕ್ಷೆ ಮಾತ್ರ ಮನೆಯಲ್ಲೇ ಪ್ರಿಂಟ್ ಹಾಕಿಸಿಕೊಂಡು ಬನ್ನಿ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದು ಹಾಳೆ 15 ಮಿನಿಟು ಉದ್ದ, 15 ಮಿನಿಟು ಅಗಲ. ಹಾಳೆಗಳ ಹಳೇ ಸಂಖ್ಯೆಯಲ್ಲಿ ಹೇಳುವುದಾದರೆ ಗದಗ ಮತ್ತು ನಾವು ಹೋಗಬೇಕಿದ್ದ ಜಾಗ 48 ಎಂ/11ರಲ್ಲಿದ್ದರೆ ಡಂಬಳ ಪಕ್ಕದ 48 ಎಂ/15ರಲ್ಲಿದೆ. ಎರಡನ್ನೂ ಅಂಟಿಸಿಕೊಳ್ಳದಿದ್ದರೆ ದಾರಿ ಅರ್ಧಕ್ಕೇ ಕಾಗದದಿಂದ ಹೊರಗೆ ಹೋಗುತ್ತದೆ.

ಸಮೋನ್ನತಿ ರೇಖೆ ಅಂದರೆ ಹೆದರಬೇಡಿ. ಹೊಲದಲ್ಲಿ ನೀರು ನಿಲ್ಲಲಿ ಅಂತ ಒಂದೇ ಮಟ್ಟದಲ್ಲಿ ಬದು ಹಾಕುತ್ತಾರಲ್ವಾ, ಅದನ್ನೇ ಕಂದು ಗೆರೆ ಮಾಡಿದ್ದಾರೆ ಅಂದುಕೊಳ್ಳಿ. ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ, ಐದನೆಯದು ದಪ್ಪ. ನಾವು ಹತ್ತಿರದ ದಾರಿ ಎಂದು 2 ಸೆಂಟಿಮೀಟರ್‌ನ ಒಂದು ನೇರ ದಾರಿ ಆರಿಸಿದೆವು. ಅದರಲ್ಲಿ ಹತ್ತು ಗೆರೆ ಒತ್ತೊತ್ತಾಗಿದ್ದವು, ಎಣಿಸಲಿಲ್ಲ. ಒಂದು ಕಿಲೋಮೀಟರಿಗೆ 200 ಮೀಟರ್ ಏರು, ಮೇಲೆ ಮುಳ್ಳು, ಕುರುಚಲು. ಗೆರೆ ವಿ ಆಕಾರದಲ್ಲಿ ಮಡಚಿ ಚೂಪು ಮೇಲಕ್ಕೆ ತೋರಿಸಿದರೆ ಅದು ಹಳ್ಳ, ಕೆಳಕ್ಕೆ ತೋರಿಸಿದರೆ ಏಣು, ಅಂದರೆ ಗುಡ್ಡದ ಬೆನ್ನು. ಏಣಿನ ಮೇಲೆ ನಡೆಯಿರಿ, ಗಾಳಿಯೂ ಸಿಗುತ್ತದೆ. ಹಳ್ಳ ಕಪ್ಪು ಗೆರೆಯಲ್ಲಿದ್ದರೆ ಬೇಸಿಗೆಯಲ್ಲಿ ಒಣಗಿರುತ್ತದೆ, ನೀರು ಹೊತ್ತೇ ಹೋಗಬೇಕು. ಗಾಳಿಯಂತ್ರ ನೋಡಿ ಗುರುತು ಹಿಡಿಯುತ್ತೇನೆ ಅನ್ನಬೇಡಿ, ಹಳೇ ಹಾಳೆಯಲ್ಲಿ ಅವು ಇಲ್ಲ. ಈ ಗುಡ್ಡದಲ್ಲಿ ಕಬ್ಬಿಣದ ಕಲ್ಲು ಜಾಸ್ತಿ, ದಿಕ್ಸೂಚಿಯನ್ನು ಬಂಡೆ ಮೇಲಿಟ್ಟು ನೋಡಬೇಡಿ. 2019ರಿಂದ ಇದು ವನ್ಯಜೀವಿಧಾಮ, ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಿ.

ಇಳಿದು ಬಂದ ಮೇಲೆ ಡಂಬಳದಲ್ಲಿ ಒಂದು ಸಣ್ಣ ಖಾನಾವಳಿ ಸಿಕ್ಕಿತು. ಬೋರ್ಡೂ ಇಲ್ಲ. ಬಡಿಯುವ ಸದ್ದು ಕೇಳಿ ಒಳಗೆ ಹೋದೆವು. ಒಲೆಯಿಂದ ಇಳಿದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಐದನೇ ರೊಟ್ಟಿಗೆ ಸಾಕು ಅಂದರೆ, "ಗುಡ್ಡ ಹತ್ತಿ ಬಂದೀರಿ, ಇಷ್ಟಕ್ಕ ಸಾಕಂದ್ರ ಹೆಂಗ?" ಎಂದು ಆರನೆಯದು ಹಾಕಿದರು. 70 ರೂಪಾಯಿ. ಇದಕ್ಕಾಗಿಯೇ ಇನ್ನೊಮ್ಮೆ ಹೋಗುತ್ತೇನೆ.

ಮೂರನೇ ದಿನ ಊರ ಹೊರಗಿನ ಒಂದು ದಿಬ್ಬದ ನಕ್ಷೆ ನಾವೇ ಮಾಡಿದೆವು. ಫೋನು ಒಂದೇ ಜಾಗದಲ್ಲಿ ನಿಂತರೂ ಎತ್ತರ ಬೇರೆ ಬೇರೆ ತೋರಿಸುತ್ತಿತ್ತು. ಅದನ್ನು ಬಿಟ್ಟು ಗೌಂಡಿಗಳ ಲೆವೆಲ್ ಪೈಪಿಗೆ ನೀರು ತುಂಬಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟ ಬಂದಲ್ಲೆಲ್ಲ ಕಲ್ಲಿಟ್ಟು ದಿಬ್ಬ ಸುತ್ತಿದೆವು. ಮತ್ತೆ ಒಂದು ಮೀಟರ್ ಮೇಲೆ ಹೋಗಿ ಅದನ್ನೇ ಮಾಡಿದೆವು. ಕಲ್ಲಿಂದ ಕಲ್ಲಿಗೆ ದಿಕ್ಕು, ಹೆಜ್ಜೆ ಬರೆದುಕೊಂಡು ಗ್ರಾಫ್ ಹಾಳೆಗೆ ಇಳಿಸಿದರೆ ಮುಗಿಯಿತು. ಅರ್ಧ ದಿನಕ್ಕೆ ನಾಲ್ಕು ಗೆರೆ ಬಂತು. ಪೈಪಿನಲ್ಲಿ ಗುಳ್ಳೆ ಉಳಿಯದಂತೆ ನೋಡಿಕೊಳ್ಳಿ, ನಮ್ಮ ಮೊದಲ ಗೆರೆ ಶುರುವಾದ ಕಲ್ಲಿಗೆ ವಾಪಸ್ ಬರದೆ ಒಂದು ಮೊಳ ಮೇಲೆ ಹೋಗಿ ನಿಂತಿತ್ತು.

ಸಂಜೆ ಗದಗಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯೂ ತೆಗೆಯುತ್ತಿತ್ತು.