ಶಾರಸ್ ಗೆದ್ದ ಸಂಜೆ

2025ರ ಮೇ 25, ಭಾನುವಾರ. ಯುರೋಪಿನ ಕ್ಲಬ್‌ಗಳ ದೊಡ್ಡ ಬಾಸ್ಕೆಟ್‌ಬಾಲ್ ಟೂರ್ನಿ ಯುರೋಲೀಗ್‌ನ ಫೈನಲ್ ಇದ್ದದ್ದು ಅಬುಧಾಬಿಯಲ್ಲಿ. ಇಸ್ತಾಂಬುಲ್‌ನ ಫೆನರ್‌ಬಾಚೆಗೂ ಮೊನಾಕೊಗೂ ಪಂದ್ಯ. ನಾನಿರುವುದು ಲಿಥುವೇನಿಯಾದ ಕೌನಸ್‌ನಲ್ಲಿ. ಇಲ್ಲಿನವರಿಗೆ ಎರಡೂ ಹೊರಗಿನ ತಂಡಗಳೇ. ಆದರೂ ಪಕ್ಕದ ಮನೆಯ ಅಜ್ಜ ಮಧ್ಯಾಹ್ನವೇ ಬಾಗಿಲು ತಟ್ಟಿ, "ಸಂಜೆ ಬಾಪ್ಪ, ಮ್ಯಾಚ್ ಇದೆ" ಅಂದರು. ಕಾರಣ ಫೆನರ್‌ಬಾಚೆ ಕೋಚ್ ಶಾರುನಸ್ ಯಾಸಿಕೆವಿಚ್ಯುಸ್. ಕೌನಸ್‌ನಲ್ಲೇ ಹುಟ್ಟಿದವನು. ಊರಿನವರ ಬಾಯಲ್ಲಿ ಬರೀ ಶಾರಸ್.

ಹೋದಾಗ ಟೇಬಲ್ ಮೇಲೆ ಕೆಪ್ತಾ ದುವೋನಾ ಇತ್ತು. ರೈ ಹಿಟ್ಟಿನ ಕಪ್ಪು ಬ್ರೆಡ್ಡನ್ನು ಬೆರಳುದ್ದಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಬಿಸಿ ಇರುವಾಗಲೇ ಹಸಿ ಬೆಳ್ಳುಳ್ಳಿ ಉಜ್ಜುತ್ತಾರೆ. ಬಿಯರ್ ಜೊತೆ ತಿನ್ನೋದು. ಮರುದಿನ ಆಫೀಸಿನಲ್ಲೂ ನನ್ನ ಬೆರಳು ಘಂ ಅನ್ನುತ್ತಿತ್ತು.

ಹಾಫ್‌ಟೈಮಲ್ಲಿ ಅಜ್ಜ ಟಿವಿ ಸದ್ದು ಇಳಿಸಿ ಹಳೇ ಕತೆ ತೆಗೆದರು. ಶಾರಸ್ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದ. ಪೆನ್ಸಿಲ್ವೇನಿಯಾದಲ್ಲಿ ಹೈಸ್ಕೂಲು, 1994ರಿಂದ 98ರವರೆಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ. ಇಷ್ಟೆಲ್ಲ ಆಡಿದರೂ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, ಒಂದು ತಂಡವೂ ಅವನನ್ನು ಆರಿಸಲಿಲ್ಲ. ಸುಮ್ನೆ ಯುರೋಪಿಗೆ ವಾಪಸ್ ಬಂದ.

2000ದ ಸಿಡ್ನಿ ಒಲಿಂಪಿಕ್ಸ್ ಸೆಮಿಫೈನಲ್. ಎದುರಿಗೆ ಅದೇ ಅಮೆರಿಕ, ಎನ್‌ಬಿಎ ಆಟಗಾರರ ತಂಡ. ಕೊನೇ ಗಳಿಗೆಯಲ್ಲಿ ಚೆಂಡು ಶಾರಸ್ ಕೈಯಲ್ಲಿ, ಬೇಕಾದದ್ದು ಒಂದೇ ಬುಟ್ಟಿ. ಮೂರು ಅಂಕದ ಆ ಎಸೆತ ಬೀಳಲಿಲ್ಲ. 85-83. ಇದನ್ನು ಹೇಳುವಾಗ ಅಜ್ಜ ಕೂತಲ್ಲೇ ಕೈ ಎತ್ತಿ ಎಸೆದು ತೋರಿಸಿದರು. ಇಪ್ಪತ್ತೈದು ವರ್ಷವಾದರೂ ಸಿಟ್ಟು ಆರಿಲ್ಲ!

ನಾಲ್ಕು ವರ್ಷದ ನಂತರ ಅಥೆನ್ಸ್‌ನಲ್ಲಿ ಲಿಥುವೇನಿಯಾ 94-90ರಿಂದ ಅಮೆರಿಕವನ್ನು ಸೋಲಿಸಿತು. ಶಾರಸ್ ಒಬ್ಬನದೇ 28 ಅಂಕ, ಅದರಲ್ಲಿ ಏಳು ಮೂರಂಕದ ಎಸೆತ. ತಮಾಷೆ ನೋಡಿ, ಸೋತ ಸಿಡ್ನಿಯಲ್ಲಿ ಕಂಚು ಸಿಕ್ಕಿತು. ಗೆದ್ದ ಅಥೆನ್ಸ್‌ನಲ್ಲಿ ಕಂಚಿನ ಪಂದ್ಯಕ್ಕೆ ಮತ್ತೆ ಅಮೆರಿಕವೇ ಎದುರಾಗಿ, ಸೋತು ಬರಿಗೈಲಿ ಬಂದರು.

ಅಷ್ಟರಲ್ಲಿ ಯುರೋಲೀಗ್ ಕಪ್ಪುಗಳು ಬರಲು ಶುರುವಾಗಿದ್ದವು. 2003ರಲ್ಲಿ ಬಾರ್ಸಿಲೋನಾ ಜೊತೆ, ಮುಂದಿನ ಎರಡು ವರ್ಷ ಮಕ್ಕಾಬಿ ಟೆಲ್ ಅವೀವ್ ಜೊತೆ. ಆಮೇಲೆ ಎನ್‌ಬಿಎ ಕರೆಯಿತು. ಇಂಡಿಯಾನಾ, ಗೋಲ್ಡನ್ ಸ್ಟೇಟ್, ಎರಡೇ ಸೀಸನ್. ಇದನ್ನು ಅಜ್ಜ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ನಾವಾದರೆ ಅದನ್ನೇ ಮೊದಲು ಹೇಳ್ತಿದ್ದೆವು, ಅಲ್ವಾ? ವಾಪಸ್ ಬಂದು 2009ರಲ್ಲಿ ಪನಾಥಿನೈಕೋಸ್ ಜೊತೆ ನಾಲ್ಕನೇ ಕಪ್ಪು. ಆಗ ಕೋಚ್ ಆಗಿದ್ದವರು ಝೆಲ್ಯಕೊ ಒಬ್ರಾದೊವಿಚ್. ಫೆನರ್‌ಬಾಚೆಗೆ 2017ರಲ್ಲಿ ಮೊದಲ ಯುರೋಲೀಗ್ ಗೆದ್ದುಕೊಟ್ಟವರೂ ಅವರೇ.

ಎರಡನೆಯದನ್ನು ಗೆದ್ದುಕೊಡುವ ಸರದಿ ಶಿಷ್ಯನದು. ಕೊನೆಗೆ 81-70. ಅಜ್ಜ ಚಪ್ಪಾಳೆ ತಟ್ಟಲಿಲ್ಲ. ಶಾರಸ್ ಹಿಂದೆ ಊರಿನ ತಂಡ ಝಾಲ್ಗಿರಿಸ್‌ಗೂ ಕೋಚ್ ಆಗಿದ್ದ, 2018ರಲ್ಲಿ ಯುರೋಲೀಗ್‌ನ ಫೈನಲ್ ಫೋರ್‌ವರೆಗೂ, ಅಂದರೆ ಕೊನೆಯ ನಾಲ್ಕು ತಂಡಗಳ ಸುತ್ತಿನವರೆಗೂ ಒಯ್ದಿದ್ದ.

"ಮತ್ತೆ ನಮ್ಮಲ್ಲಿಗೆ ಬರಬಹುದಾ?" ಅಂತ ಕೇಳಿದೆ.

"ಅವನಿಗೆ ಕೊಡೋಕೆ ನಮ್ಮ ಹತ್ರ ದುಡ್ಡೆಲ್ಲಿದೆ?" ಅಂತ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.