ಚಿಕ್ಕಪೇಟೆಯಲ್ಲಿ ಕೊಡಾಕಲರ್ ಹುಡುಕಾಟ

ಮೈಸೂರಿನಿಂದ ಹಿಂದಿನ ಸಂಜೆಯೇ ಬಂದು ಮಲ್ಲೇಶ್ವರದ ಬಂಧುಗಳ ಮನೆಯಲ್ಲಿ ತಂಗಿದ್ದ ನಾನು ಭಾನುವಾರ ಬೆಳಿಗ್ಗೆ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ ಇಳಿದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಸೇರುವ ಸಂಡೇ ಬಜಾರಿನಲ್ಲಿ ಹಳೆಯ ರೇಡಿಯೋ, ಗಡಿಯಾರ, ಗುಜರಿ ಸಾಮಾನುಗಳು ಆಗಲೇ ನೆಲದ ಮೇಲೆ ಹರಡಿದ್ದವು.

ನಾನು ಅರಸಿ ಬಂದದ್ದು ಮನೆಮಂದಿ ತಾವೇ ತೆಗೆಯುವ ಚಲನಚಿತ್ರಕ್ಕೆ ಬಣ್ಣ ತಂದ ಮೊದಲ ದಿನಗಳ ಸಲಕರಣೆಯನ್ನು. ಈಸ್ಟ್‌ಮನ್ ಕೊಡಾಕ್ ಕಂಪನಿ 1928ರಲ್ಲಿ ಹೊರತಂದ 16 ಮಿ.ಮೀ. ಕೊಡಾಕಲರ್ ಫಿಲ್ಮಿನಲ್ಲಿ ಬಣ್ಣದ ಲೇಪವೇ ಇರಲಿಲ್ಲ. ಅದರ ಬೆನ್ನಿನುದ್ದಕ್ಕೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮಸೂರಗಳ ಸಾಲನ್ನು ಒತ್ತಿರುತ್ತಿದ್ದರು. ಲೆನ್ಸಿಗೆ ತೊಡಿಸಿದ ಕೆಂಪು, ಹಸಿರು, ನೀಲಿ ಪಟ್ಟಿಗಳ ಫಿಲ್ಟರನ್ನು ಹಾದು ಬಂದ ಬೆಳಕನ್ನು ಆ ಮಸೂರಗಳು ಬೇರೆಬೇರೆಯಾಗಿ ಹಂಚಿ, ಕಪ್ಪುಬಿಳುಪಿನ ಗೆರೆಗಳಾಗಿ ಉಳಿಸುತ್ತಿದ್ದವು. ಪ್ರೊಜೆಕ್ಟರಿಗೂ ಅಂಥದೇ ಫಿಲ್ಟರ್ ಹಾಕಿದರೆ ಮಾತ್ರ ಪರದೆಯ ಮೇಲೆ ಬಣ್ಣ ಮೂಡುತ್ತದೆ. ಹಾಗಾಗಿ ಫಿಲ್ಟರ್ ಇಲ್ಲದ ಯಂತ್ರವನ್ನು ಅರ್ಧ ಸಂಗ್ರಹವೆಂದೇ ನಾನು ಭಾವಿಸುತ್ತೇನೆ.

ಒಂದು ಅಂಗಡಿಯಲ್ಲಿ ಸಿನೆ-ಕೊಡಾಕ್ ಕ್ಯಾಮೆರಾ ಸಿಕ್ಕಿತು. ಲೆನ್ಸಿನ ಮೇಲೆ, ಬೆಳಕು ಹಾಯುವ ಬಾಯಿಯ ಅಗಲವನ್ನು ಸೂಚಿಸುವ ಎಫ್/1.9 ಎಂಬ ಅಂಕಿಯಿತ್ತು. ಕೊಡಾಕಲರಿಗೆ ಬೇಕಾದದ್ದು ಅದೇ ಅಗಲದ ಬಾಯಿ. ಅದನ್ನು ಕಿರಿದು ಮಾಡಿದರೆ ಅಂಚಿನ ಎರಡು ಪಟ್ಟಿಗಳು ಮರೆಯಾಗುತ್ತವೆ. ಆದ್ದರಿಂದ ಬಿಸಿಲು ಹೆಚ್ಚಿದ್ದಾಗಲೂ ಬಾಯಿ ತೆರೆದಿಟ್ಟು, ಬೆಳಕು ತಗ್ಗಿಸಲು ಬೂದು ಫಿಲ್ಟರ್ ಬಳಸುತ್ತಿದ್ದರು.

“ಇದರ ಜೊತೆ ಬಣ್ಣದ ಪಟ್ಟಿ ಇರೋ ಮುಚ್ಚಳ ಏನಾದ್ರೂ ಬಂತಾ, ಯಜಮಾನ್ರೇ?” ಎಂದು ಕೇಳಿದೆ.

“ಆ ಡಬ್ಬದಲ್ಲಿ ನೋಡಿ ಸಾರ್, ಯಾವುದಕ್ಕೂ ಕೂರಲ್ಲ ಅಂತ ಹಾಕಿಟ್ಟಿದ್ದೆ.”

ಲೆನ್ಸ್ ಮುಚ್ಚಳಗಳ ರಾಶಿಯ ಅಡಿಯಲ್ಲಿ ಆ ಮೂರು ಪಟ್ಟಿಗಳನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

1935ರಲ್ಲಿ ಕೊಡಾಕ್ರೋಮ್ ಬಂದು, ಬಣ್ಣ ಫಿಲ್ಮಿನೊಳಗೇ ಸೇರಿದ ಮೇಲೆ ಈ ಪದ್ಧತಿ ಮರೆಗೆ ಸರಿಯಿತು. ಸಂಗ್ರಾಹಕರ ಒಲವೂ ಸಹಜವಾಗಿ ಕೊಡಾಕ್ರೋಮಿನ ಕಡೆಗೇ. ಆದರೆ ಕೊಡಾಕಲರಿನ ಚಿತ್ರ ಬೆಳ್ಳಿಯದು. ಅದರಲ್ಲಿ ಮಾಸಲು ವರ್ಣದ್ರವ್ಯವೇ ಇಲ್ಲ. ಚೆನ್ನಾಗಿ ಕಾಪಾಡಿದ ಸುರುಳಿಯೊಂದಕ್ಕೆ ಸರಿಯಾದ ಫಿಲ್ಟರ್ ಸಿಕ್ಕರೆ ಆ ಕಾಲದ ಬಣ್ಣ ಇಂದಿಗೂ ಮರಳುತ್ತದೆ.

ಮಧ್ಯಾಹ್ನ ಬಸವನಗುಡಿಯ ಹಿರಿಯರೊಬ್ಬರ ಮನೆಗೆ ಹೋದೆ. ತಮ್ಮ ತಂದೆಯವರು ಇಟ್ಟಿದ್ದ ಸುರುಳಿಯನ್ನು ಅವರು ಬರಿಯ ಕಪ್ಪುಬಿಳುಪಿನದೆಂದೇ ತಿಳಿದಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಚಿತ್ರದ ಮೇಲೆ ಉದ್ದುದ್ದ ಗೆರೆಗಳು ಒತ್ತೊತ್ತಾಗಿದ್ದವು. ಪ್ರೊಜೆಕ್ಟರಿನ ಫಿಲ್ಟರ್ ದೊರೆಯುವವರೆಗೆ ಸುರುಳಿಯನ್ನು ತಂಪಾದ, ಒಣ ಜಾಗದಲ್ಲಿ ಇಡಲು ಅವರು ಒಪ್ಪಿದರು.